ದಪ್ಪ ಪ್ಲೇಟ್ ನೋಡಿ ಮರುಳಾಗಬೇಡಿ: ಸ್ಟೀರಿಂಗ್ ಗಾರ್ಡ್ ಬಗ್ಗೆ ನನ್ನ ತಕರಾರು

ನಮಸ್ಕಾರ. ನನ್ನ ಕೈಯಲ್ಲಿರುವ ಈ ರಾಡನ್ನು ಒಮ್ಮೆ ನೋಡಿ. ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ. ಈ ತುದಿಗೆ ಕಣ್ಣಿಟ್ಟು ಆ ತುದಿ ನೋಡಿದರೆ ಗೊತ್ತಾಗುತ್ತದೆ, ನಡುವೆ ಸೌತೆಕಾಯಿ ಥರ ಬಗ್ಗಿದೆ. ಬಗ್ಗಿದ ಕಡೆ ಪೇಂಟ್ ಎದ್ದುಹೋಗಿದೆ. ಅಲ್ಲೇ ಒಂದು ಎಳೆ ಮರದ ನಾರು ಸಿಕ್ಕಿಕೊಂಡಿದೆ. ಬೇಕಂತಲೇ ತೆಗೆದಿಲ್ಲ.

ಇದು ನನ್ನ ಮಾರುತಿ ಜಿಮ್ನಿ ಗಾಡಿಯ ಟೈ ರಾಡು. ಮುಂದಿನ ಎರಡು ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಕಬ್ಬಿಣ. ಒಂದು ಚಕ್ರ ತಿರುಗಿದಾಗ ಇನ್ನೊಂದೂ ಜೊತೆಗೆ ತಿರುಗುವುದು ಇದರಿಂದಲೇ. ಕಲ್ಲು, ಬೊಡ್ಡೆ ಇದಕ್ಕೆ ಬಡಿಯದಂತೆ ಗಾಡಿಯ ಅಡಿಗೆ ಹಾಕಿಸುವ ಲೋಹದ ಪ್ಲೇಟೇ ಸ್ಟೀರಿಂಗ್ ಗಾರ್ಡ್.

ಆಗಿದ್ದು ಇಷ್ಟು. ಮಳೆಗಾಲ ಮುಗಿದು ಬಿಸಿಲು ಬಿದ್ದಿತ್ತು. ಸಕಲೇಶಪುರದ ಕಡೆ ನಮ್ಮ ಸೋದರಮಾವನ ಕಾಫಿ ತೋಟಕ್ಕೆ ಹೋಗಿದ್ದೆ. ತೋಟದ ದಾರಿ ನೀರು ಹರಿದು ಕೊರಕಲು ಬಿದ್ದಿತ್ತು. ಅದನ್ನು ತಪ್ಪಿಸಲು ಪಕ್ಕದ ಹುಲ್ಲಿಗೆ ಗಾಡಿ ಹತ್ತಿಸಿದೆ. ಫಸ್ಟ್ ಗೇರ್, ನಡೆದುಕೊಂಡು ಹೋಗುವಷ್ಟು ಸ್ಪೀಡು. ಹುಲ್ಲಿನೊಳಗೆ ಯಾವತ್ತೋ ಕಡಿದ ಸಿಲ್ವರ್ ಮರದ ಬೊಡ್ಡೆ ಇತ್ತು. ಟಣ್ ಅಂತ ಒಂದೇ ಸದ್ದು. ಸ್ಟೀರಿಂಗ್ ಕೈಯೊಳಗೇ ಒದರಿತು. ಇಳಿದು ನೋಡಿದರೆ ಬಂಪರ್‌ಗೆ ಒಂದು ಗೀರೂ ಇಲ್ಲ. ಬೊಡ್ಡೆ ಬಂಪರ್ ಕೆಳಗೆ ನುಸುಳಿ ಸೀದಾ ರಾಡಿಗೆ ಹೊಡೆದಿತ್ತು.

ಟಾರು ರಸ್ತೆಗೆ ಬಂದ ಮೇಲೆ ತಮಾಷೆ ಶುರು. ಗಾಡಿ ನೇರ ಹೋಗಬೇಕೆಂದರೆ ಸ್ಟೀರಿಂಗ್ ಓರೆಯಾಗಿ ಹಿಡಿಯಬೇಕು. ಎರಡೂ ಟೈರು ಒಳಕ್ಕೆ ಮುಖ ಮಾಡಿಕೊಂಡು ರಸ್ತೆ ಉಜ್ಜುತ್ತಿದ್ದವು. ಕಾರಣ ಸರಳ. ಜಿಮ್ನಿಯಲ್ಲಿ ಈ ರಾಡು ಮುಂದಿನ ಚಕ್ರಗಳನ್ನು ಹೊತ್ತ ಅಡ್ಡ ದಂಡ, ಅಂದರೆ ಆಕ್ಸಲ್‌ಗಿಂತ ಮುಂದೆ ಇರುತ್ತದೆ. ಬಗ್ಗಿದ ರಾಡಿನ ಎರಡು ತುದಿಗಳ ನಡುವಿನ ದೂರ ಕಡಿಮೆಯಾಗುತ್ತದೆ, ಅಲ್ವಾ? ಆಗ ಚಕ್ರಗಳ ಮುಂಭಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗೇ ಓಡಿಸಿದರೆ ಟೈರಿನ ಹೊರ ಅಂಚು ಬೇಗ ಸವೆದುಹೋಗುತ್ತದೆ. ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ರಾಡೇ ಸೊಟ್ಟಗಿರುವಾಗ ಅದು ಸುಮ್ನೆ ದುಡ್ಡು ದಂಡ. ಸೊಟ್ಟ ರಾಡನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕುವವರೂ ಇದ್ದಾರೆ. ಬೇರೆ ಏನನ್ನು ಬೇಕಾದರೂ ಹಾಗೆ ಮಾಡಿ, ಸ್ಟೀರಿಂಗ್ ಸಾಮಾನನ್ನು ಮಾಡಬೇಡಿ.

ಈಗ ನಾಚಿಕೆಯ ವಿಷಯ ಹೇಳುತ್ತೇನೆ. ನನ್ನ ಗಾಡಿಯಲ್ಲಿ ಆವತ್ತು ಗಾರ್ಡ್ ಇತ್ತು! ಒಂದು ಅಂಗಡಿಯಲ್ಲಿ, ಹೆಸರು ಬೇಡ, "ಅಡಿ ಪೂರ್ತಿ ಕವರ್ ಆಗುತ್ತೆ ಸಾರ್" ಅಂತ ಆರು ಮಿಲಿಮೀಟರ್ ಪ್ಲೇಟ್ ಹಾಕಿ ಕಳಿಸಿದ್ದರು. ನಾನೂ ಬಗ್ಗಿ ನೋಡಿರಲಿಲ್ಲ. ದಪ್ಪ ನೋಡಿ ಖುಷಿಪಟ್ಟಿದ್ದೆ. ಆ ಪ್ಲೇಟ್ ಕಾಯುತ್ತಿದ್ದುದು ಗೇರ್‌ಬಾಕ್ಸನ್ನು, ಅದೂ ಆಕ್ಸಲ್‌ನ ಹಿಂದೆ. ನಮ್ಮ ಗ್ಯಾರೇಜಿನ ಮೇಸ್ತ್ರಿ ಕೆಳಗೆ ಮಲಗಿ ನೋಡಿದವರೇ ಅಂದರು, "ಬೆನ್ನಿಗೆ ಛತ್ರಿ ಹಿಡಿದು ಮಳೆಗೆ ಮುಖ ಕೊಟ್ಟಿದ್ದೀರಲ್ಲ ಸಾರ್."

ಅದಕ್ಕೇ ನನ್ನ ಮೊದಲ ತಕರಾರು. ಗಾರ್ಡ್ ಕೊಳ್ಳುವವರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಎಷ್ಟು ದಪ್ಪ? ಕೇಳಬೇಕಾದದ್ದು, ನನ್ನ ಗಾಡಿಯಲ್ಲಿ ಸ್ಟೀರಿಂಗ್ ರಾಡು ಎಲ್ಲಿದೆ, ಅದು ಹೇಗೆ ಓಡಾಡುತ್ತದೆ?

2020ರಲ್ಲಿ ಬಂದ ಮಹೀಂದ್ರಾ ಥಾರ್ ತೆಗೆದುಕೊಳ್ಳಿ. ಮುಂದಿನ ಒಂದೊಂದು ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್. ಸ್ಟೀರಿಂಗ್ ರ್ಯಾಕ್, ಅಂದರೆ ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಳ್ಳುವ ಹಲ್ಲಿನ ಪಟ್ಟಿ, ಚಾಸಿ ಜೊತೆಗೇ, ಅಂದರೆ ಗಾಡಿಯ ಅಡಿಯ ಗಟ್ಟಿ ಚೌಕಟ್ಟಿನ ಜೊತೆಗೇ ಕೂತಿರುತ್ತದೆ. ಚಕ್ರ ಎಷ್ಟೇ ಕುಣಿದರೂ ರ್ಯಾಕ್ ಅಲ್ಲಾಡುವುದಿಲ್ಲ. ಹಾಗಾಗಿ ಚಾಸಿಗೆ ಬೋಲ್ಟ್ ಮಾಡಿದ ಒಂದು ಚಪ್ಪಟೆ ಪ್ಲೇಟ್ ಸಾಕು, ಕೆಲಸ ಸುಲಭ. ಒಂದೇ ಮಾತು, ರ್ಯಾಕಿನ ಎರಡೂ ಕಡೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ, ಅದರಿಂದಾಚೆ ಚಕ್ರದವರೆಗೆ ಹೋಗುವ ರಾಡು ಪ್ಲೇಟಿನ ಹೊರಗೇ ಉಳಿಯುತ್ತದೆ. ತೋಟದಿಂದ ಬಂದ ಮೇಲೆ ಆ ಬೂಟ್ ಹರಿದಿದೆಯಾ ಅಂತ ಕೈ ಹಾಕಿ ನೋಡಿ. ಹರಿದರೆ ಕೆಸರು ಒಳಗೆ ಹೋಗಿ ರ್ಯಾಕನ್ನು ತಿನ್ನುತ್ತದೆ.

ಜಿಮ್ನಿ, ಹಳೇ ಜಿಪ್ಸಿ, ಹಳೇ ಜೀಪು, ಇವೆಲ್ಲ ಬೇರೆ ಜಾತಿ. ಮುಂದೆ ಒಂದೇ ಗಟ್ಟಿ ಆಕ್ಸಲ್. ಟೈ ರಾಡು ಆಕ್ಸಲ್ ಜೊತೆಗೇ ಮೇಲೆ ಕೆಳಗೆ ಹೋಗುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಜಿಪ್ಸಿಯಲ್ಲಂತೂ ರಾಡುಗಳು ಲೀಫ್ ಸ್ಪ್ರಿಂಗಿನ ಕೆಳಗೇ ನೇತಾಡುತ್ತವೆ. ಅದಕ್ಕೇ ಕಲ್ಲು ಹತ್ತಿಸುವವರು ಅವನ್ನು ಸ್ಪ್ರಿಂಗ್ ಮೇಲಕ್ಕೆ ಎತ್ತಿಸಿಕೊಳ್ಳುತ್ತಾರೆ.

ಈಗ ಯೋಚನೆ ಮಾಡಿ. ಗಾರ್ಡ್ ಚಾಸಿಗೆ ಅಂಟಿಕೊಂಡು ನಿಂತಿದೆ, ರಾಡು ಮಾತ್ರ ಕುಣಿಯುತ್ತಿದೆ. ಗಾಡಿ ಗುಂಡಿಗೆ ಇಳಿದು ಸ್ಪ್ರಿಂಗ್ ಅದುಮಿಕೊಂಡಾಗ ರಾಡು ಮೇಲಕ್ಕೆ ಬರುತ್ತದೆ. ಒಂದು ಚಕ್ರ ಗಾಳಿಯಲ್ಲಿ ಜೋತುಬಿದ್ದಾಗ ಆ ಕಡೆಯ ರಾಡು ಗಾರ್ಡಿಗಿಂತ ಕೆಳಗೇ ಇಳಿಯಬಹುದು. ಆಗ ಗಾರ್ಡ್ ಇದ್ದೂ ಇಲ್ಲದ ಹಾಗೆ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಚಾಸಿಗೆ ಹಾಕುವ ಗಾರ್ಡ್ ಎದುರಿನಿಂದ ಬರುವ ಕಲ್ಲಿಗೆ, ಬೊಡ್ಡೆಗೆ ಮಾತ್ರ. ಆಕ್ಸಲ್‌ಗೇ ಕಟ್ಟುವ ಗಾರ್ಡ್ ಇದೆ, ಅದು ರಾಡಿನ ಜೊತೆಗೇ ಚಲಿಸುತ್ತದೆ, ಒಳ್ಳೆಯದೇ. ಆದರೆ ಅದರ ಭಾರ ಪೂರ್ತಿ ಸ್ಪ್ರಿಂಗಿನ ಕೆಳಗೆ ಬೀಳುತ್ತದೆ, ಗಾಡಿ ಕುಟ್ಟುವುದು ಜಾಸ್ತಿಯಾಗುತ್ತದೆ. ನೆಲಕ್ಕೂ ಹತ್ತಿರ. ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಜಾಗ, ಇರುವುದೇ 210 ಮಿಲಿಮೀಟರ್. ಅದರಲ್ಲಿ ಎರಡು ಬೆರಳು ಗಾರ್ಡಿಗೇ ಕೊಟ್ಟರೆ, ಮೊದಲು ತಾಗದೇ ಹೋಗುತ್ತಿದ್ದ ಕಲ್ಲು ಈಗ ತಾಗುತ್ತದೆ. ನಾನು ಚಾಸಿಯದ್ದನ್ನೇ ಹಾಕಿಸಿದೆ. ನನಗೆ ಬರುವ ಪೆಟ್ಟೆಲ್ಲ ಎದುರಿನಿಂದಲೇ.

ಇನ್ನು ನಿಜವಾಗಿ ಭಯ ಪಡಬೇಕಾದ ವಿಷಯ. ಕೆಲವು ಗಾರ್ಡುಗಳನ್ನು ಬಂಪರಿನ ತೆಳು ಬ್ರ್ಯಾಕೆಟ್ಟಿಗೆ ನೇತುಹಾಕಿರುತ್ತಾರೆ. ಪ್ಲೇಟ್ ಆರು ಮಿಲಿಮೀಟರ್, ಹಿಡಿದಿರುವ ಪಟ್ಟಿ ಎರಡು ಮಿಲಿಮೀಟರ್! ಪೆಟ್ಟು ಬಿದ್ದಾಗ ಪಟ್ಟಿ ಮಡಚಿಕೊಳ್ಳುತ್ತದೆ, ಪ್ಲೇಟ್ ಹಿಂದಕ್ಕೆ ಹೋಗಿ ಟೈ ರಾಡಿಗೆ ಒತ್ತಿಕೊಂಡು ನಿಲ್ಲುತ್ತದೆ. ರಾಡು ಬಗ್ಗಿದರೆ ಸೊಟ್ಟಗಾದರೂ ಮನೆ ಸೇರಬಹುದು. ರಾಡು ಪ್ಲೇಟಿಗೆ ಸಿಕ್ಕಿಹಾಕಿಕೊಂಡರೆ ಸ್ಟೀರಿಂಗೇ ತಿರುಗುವುದಿಲ್ಲ. ಘಾಟಿ ಇಳಿಯುವಾಗ ಹಾಗಾದರೆ? ಕೆಟ್ಟ ಗಾರ್ಡಿಗಿಂತ ಗಾರ್ಡ್ ಇಲ್ಲದಿರುವುದೇ ವಾಸಿ ಅಂತ ನಾನು ಹೇಳುವುದು ಇದಕ್ಕೇ. ಪ್ಲೇಟ್ ಕಡೆ ಆಮೇಲೆ ನೋಡಿ, ಬೋಲ್ಟ್ ಎಲ್ಲಿ ಕೂರುತ್ತದೆ ಅಂತ ಮೊದಲು ನೋಡಿ. ಚಾಸಿಯ ಅಡ್ಡ ಬೀಮಿನಲ್ಲಿ ಕಂಪನಿಯವರೇ ಕೊಟ್ಟ ತೂತು ಇದ್ದರೆ ಅಲ್ಲಿಗೇ ಬರಬೇಕು. "ಚಾಸಿಗೆ ಎರಡು ಡ್ರಿಲ್ ಹೊಡೆದರೆ ಆಯ್ತು" ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಬೋಲ್ಟಿನ ತಲೆ ಪ್ಲೇಟಿನೊಳಗೆ ಮುಳುಗಿರಬೇಕು. ಹೊರಗೆ ಎದ್ದಿದ್ದರೆ ಕಲ್ಲು ಅದನ್ನು ಉಜ್ಜಿ ಉಜ್ಜಿ ಗುಂಡಗೆ ಮಾಡುತ್ತದೆ, ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ.

ಪ್ಲೇಟಿಗೂ ರಾಡಿಗೂ ಜಾಗ ಸಾಕಾ ಅಂತ ನೋಡಲು ನಾನು ಮಾಡಿದ ಉಪಾಯ ಕೇಳಿ ನಗಬೇಡಿ. ಮನೆಯಲ್ಲಿ ಚಪಾತಿಗೆ ನಾದಿಟ್ಟ ಹಿಟ್ಟಿನಲ್ಲಿ ಒಂದು ಉಂಡೆ ಕದ್ದೆ. ಪ್ಲೇಟಿನ ಒಳಮೈಗೆ, ರಾಡು ಬರುವ ಕಡೆ ಅಲ್ಲಲ್ಲಿ ಹೆಬ್ಬೆರಳು ದಪ್ಪಕ್ಕೆ ಮೆತ್ತಿದೆ. ಒಂದು ಹಳ್ಳದಲ್ಲಿ ನಿಧಾನಕ್ಕೆ ಓರೆಯಾಗಿ ಇಳಿಸಿ, ಹತ್ತಿಸಿ, ಎರಡೂ ಕಡೆ ಪೂರ್ತಿ ಸ್ಟೀರಿಂಗ್ ತಿರುಗಿಸಿದೆ. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಎಡಗಡೆಯ ಹಿಟ್ಟಿನಲ್ಲಿ ರಾಡಿನ ಅಚ್ಚು ಬಿದ್ದಿತ್ತು. ಆ ಕಡೆ ವಾಷರ್ ಹಾಕಿಸಿ ಪ್ಲೇಟನ್ನು ಸ್ವಲ್ಪ ಕೆಳಗಿಳಿಸಿದೆವು. ಹಿಟ್ಟು ಇರುವೆ ಪಾಲಾಯಿತು.

ಕಬ್ಬಿಣವೋ ಅಲ್ಯುಮಿನಿಯಮ್ಮೋ ಅನ್ನುವ ಜಗಳಕ್ಕೆ ಬರೋಣ. ಅರವತ್ತು ಸೆಂಟಿಮೀಟರ್ ಅಗಲ, ನಲವತ್ತು ಸೆಂಟಿಮೀಟರ್ ಉದ್ದದ ಪ್ಲೇಟ್ ಅಂದುಕೊಳ್ಳಿ. ನಾಲ್ಕು ಮಿಲಿಮೀಟರ್ ಸ್ಟೀಲ್ ಆದರೆ ಸುಮಾರು ಏಳೂವರೆ ಕೆಜಿ. ಆರು ಮಿಲಿಮೀಟರ್ ಅಲ್ಯುಮಿನಿಯಮ್ ಆದರೆ ನಾಲ್ಕು ಕೆಜಿಯೂ ಇಲ್ಲ. ಬಗ್ಗದೇ ನಿಲ್ಲುವ ವಿಷಯದಲ್ಲಿ ಎರಡೂ ಹೆಚ್ಚು ಕಮ್ಮಿ ಸಮ. ಹಾಗಿದ್ದರೆ ಅಲ್ಯುಮಿನಿಯಮ್ಮೇ ಜಾಣತನ ಅನಿಸುತ್ತದೆ, ಅಲ್ವಾ? ಆದರೂ ನಾನು ಸ್ಟೀಲ್ ಹಾಕಿಸಿದೆ. ಕಲ್ಲಿನ ಮೇಲೆ ಸ್ಟೀಲ್ ಜಾರಿಕೊಂಡು ಹೋಗುತ್ತದೆ, ಅಲ್ಯುಮಿನಿಯಮ್ ಮೆತ್ತಗೆ, ಕಲ್ಲಿನ ಮೂಲೆ ಅದನ್ನು ಕೆತ್ತಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಕಾರಣ ಶುದ್ಧ ಹಳ್ಳಿ ಲೆಕ್ಕ. ಸ್ಟೀಲ್ ಸೀಳಿದರೆ ಗೇಟು, ಗ್ರಿಲ್ಲು ಮಾಡುವ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಹಚ್ಚಿಕೊಡುತ್ತಾರೆ. ಅಲ್ಯುಮಿನಿಯಮ್ಮಿಗೆ ಆರ್ಗಾನ್ ವೆಲ್ಡಿಂಗ್ ಬೇಕು. ಅದನ್ನು ಹುಡುಕಿಕೊಂಡು ಊರೂರು ಅಲೆಯಬೇಕು. ಸ್ಟೀಲಿಗೆ ತುಕ್ಕು ಹಿಡಿಯುತ್ತದೆ, ನಿಜ. ಮಲೆನಾಡಿನ ಮಳೆಗೆ ಹಿಡಿಯದೇ ಇರುತ್ತದೆಯೇ? ಮಳೆಗಾಲ ಮುಗಿದ ಮೇಲೆ ಬ್ರಷ್ ಹಿಡಿದು ಅರ್ಧ ದಿನ ಕೂರಿ, ಅಷ್ಟೇ.

ಹಾಗೇ ಅಂಚು ಮಡಚಿದ ಪ್ಲೇಟ್ ತೆಗೆದುಕೊಳ್ಳಿ. ಚಾವಣಿಯ ತಗಡು ನೋಡಿ, ಅಷ್ಟು ತೆಳ್ಳಗಿದ್ದರೂ ಮೇಲೆ ಮನುಷ್ಯ ಓಡಾಡುತ್ತಾನೆ. ಅದು ಆ ಅಲೆ ಅಲೆ ಮಡಿಕೆಯ ಶಕ್ತಿ. ಮಡಚಿದ ನಾಲ್ಕು ಮಿಲಿಮೀಟರ್, ಬೋಳು ಆರು ಮಿಲಿಮೀಟರಿಗಿಂತ ಚೆನ್ನಾಗಿ ನಿಲ್ಲುತ್ತದೆ. ಮುಂದಿನ ತುದಿ ಮೇಲಕ್ಕೆ ಬಾಗಿರಲಿ, ಇಲ್ಲದಿದ್ದರೆ ನೇಗಿಲಿನ ಥರ ಮಣ್ಣು ಉಳುತ್ತದೆ. ಕೆಸರು ಬೀಳಲು ದೊಡ್ಡ ಕಿಂಡಿ ಇರಲಿ. ನನ್ನ ಹಳೇ ಪ್ಲೇಟಿನಲ್ಲಿ ಮೂರೇ ಮೂರು ಸಣ್ಣ ತೂತು ಇದ್ದವು. ಒಮ್ಮೆ ಬಿಚ್ಚಿದಾಗ ಒಳಗೆ ಒಂದು ಬುಟ್ಟಿ ಮಣ್ಣು, ಎಲೆ, ಜೊತೆಗೆ ಎರಡು ಕಾಫಿ ಬೀಜ ಮೊಳಕೆ ಒಡೆದಿದ್ದವು. ಮಾವ ಅವನ್ನು ನರ್ಸರಿ ತೊಟ್ಟೆಗೆ ಹಾಕಿದರು.

"ಗಾರ್ಡ್ ಯಾಕೆ, ರಾಡನ್ನೇ ದಪ್ಪದ್ದು ಹಾಕಿ" ಅನ್ನುವವರೂ ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ರಾಡು ಬಗ್ಗದಿದ್ದರೆ ಆ ಪೆಟ್ಟು ಮುಂದಕ್ಕೆ ಹೋಗುತ್ತದೆ. ರಾಡಿನ ತುದಿಯ ಬಾಲ್ ಜಾಯಿಂಟಿಗೆ, ಚಕ್ರವನ್ನು ಹಿಡಿದು ತಿರುಗಿಸುವ ನಕಲ್‌ಗೆ. ರಾಡು ಬಿಚ್ಚಿ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ನಕಲ್ ಮುರಿದರೆ ಚಕ್ರವೇ ಕಳಚಿಕೊಳ್ಳಬಹುದು, ಗಾಡಿ ತೋಟದಲ್ಲೇ. ದಿನಾ ಕಲ್ಲುಬಂಡೆ ಹತ್ತಿಸುವವರ ಲೆಕ್ಕ ಬೇರೆ ಇರಬಹುದು, ಬಿಡಿ.

ಗಾರ್ಡ್ ಅಂದ ತಕ್ಷಣ ಬಂಪರ್ ಮುಂದೆ ಕಬ್ಬಿಣದ ಕಂಬಿಯ ದೊಡ್ಡ ಬುಲ್ ಬಾರ್ ಕೂಡ ಹಾಕಿಸಿಬಿಡೋಣ ಅನಿಸುತ್ತದೆ. ಬೇಡ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳಿ, ಅವುಗಳ ಮೇಲೆ ಕ್ರಮ ತೆಗೆದುಕೊಳ್ಳಲು ರಾಜ್ಯಗಳಿಗೆ ಸೂಚಿಸಿದೆ. ಅದೂ ಅಲ್ಲದೆ ಬುಲ್ ಬಾರ್ ಇರುವ ಎತ್ತರಕ್ಕೆ ಬೊಡ್ಡೆ ಬರುವುದೇ ಇಲ್ಲ. ಮತ್ತೆ, ನಿಮ್ಮ ಗಾಡಿ ಹೋಗುವ ಅತಿ ಕಷ್ಟದ ದಾರಿ ಬೆಂಗಳೂರಿನ ಹಂಪುಗಳೇ ಆಗಿದ್ದರೆ ಇದ್ಯಾವುದೂ ಬೇಡ. ಆ ದುಡ್ಡಲ್ಲಿ ಒಳ್ಳೆಯ ಟೈರ್ ಹಾಕಿಸಿ.

ನನ್ನ ಹೊಸ ಗಾರ್ಡಿಗೆ ಇಲ್ಲಿಯವರೆಗೆ ಎರಡು ಪೆಟ್ಟು ಬಿದ್ದಿದೆ. ಇಲ್ಲಿ ನೋಡಿ, ಒಂದು ಗೀರು, ಒಂದು ತಗ್ಗು. ಎರಡೂ ಬೇರೆ ಕಲ್ಲುಗಳದ್ದು. ಆ ಬೊಡ್ಡೆ ಇನ್ನೂ ಅಲ್ಲೇ ಇದೆ, ಕೀಳಿಸಲು ಆಳು ಸಿಗಲಿಲ್ಲ. ಮಾವ ಅದಕ್ಕೆ ಸುಣ್ಣ ಬಳಿಸಿದ್ದಾರೆ. ರಾತ್ರಿ ಹೆಡ್‌ಲೈಟಿಗೂ ದೂರದಿಂದ ಬೆಳ್ಳಗೆ ಕಾಣುತ್ತದೆ.