ನೌಕೆಗೂ ನೆಲಕ್ಕೂ ನಡುವಣ ಕೊಂಡಿ: ದತ್ತಾಂಶ ರವಾನಾ ಉಪಗ್ರಹಗಳು

(ಕಲಬುರಗಿಯಲ್ಲಿ ವಿಜ್ಞಾನ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)

ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗುವ ಉಪಗ್ರಹವೊಂದು ಈಗ ಕಲಬುರಗಿಯ ನೆತ್ತಿಯ ಮೇಲಿದೆ ಎಂದುಕೊಳ್ಳೋಣ. ಉಪಗ್ರಹಗಳ ಜಾಡು ಹಿಡಿದು ಅವುಗಳೊಡನೆ ಸಂಪರ್ಕ ಇಟ್ಟುಕೊಳ್ಳುವ, ಬೆಂಗಳೂರಿನ ಇಸ್ರೋದ ಇಸ್ಟ್ರಾಕ್ ಕೇಂದ್ರದ ಆಂಟೆನಾಕ್ಕೆ ಅದು ಈ ಗಳಿಗೆಯಲ್ಲಿ ಸಿಗುತ್ತದೆ. ಆದರೆ ನಾಲ್ಕೈದು ನಿಮಿಷಗಳಲ್ಲಿ ಅದು ಕಾಶ್ಮೀರದ ಮೇಲೆ ತಲುಪುವಷ್ಟರಲ್ಲಿ ಬೆಂಗಳೂರಿನ ದಿಗಂತದ ಕೆಳಗಿಳಿದು ಮರೆಯಾಗುತ್ತದೆ. ರೇಡಿಯೋ ಅಲೆಗಳು ನೇರವಾಗಿ ಸಾಗುವುದರಿಂದ ಭೂಮಿಯ ಉಬ್ಬೇ ಅವುಗಳಿಗೆ ಅಡ್ಡ ಬರುತ್ತದೆ. ಹೀಗಾಗಿ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ನೌಕೆ ಒಂದು ನೆಲದ ಕೇಂದ್ರಕ್ಕೆ ಒಮ್ಮೆಗೆ ಸಿಗುವುದು ಹತ್ತು ನಿಮಿಷದಷ್ಟು ಮಾತ್ರ; ಎಷ್ಟೋ ಸುತ್ತುಗಳಲ್ಲಿ ಅದು ಸಿಗುವುದೇ ಇಲ್ಲ. ಕೇಂದ್ರಗಳ ಸಂಖ್ಯೆಯನ್ನು ಹೆಚ್ಚಿಸೋಣವೆಂದರೆ ಭೂಮಿಯ ಬಹುಭಾಗ ಸಮುದ್ರವೇ ಆಗಿದೆ.

ನಮ್ಮೂರಿನ ಮಾಳಿಗೆಗಳ ಮೇಲೆ ಟಿ.ವಿ. ಡಿಶ್‌ಗಳು ದಕ್ಷಿಣದ ಕಡೆ ಮುಖ ಮಾಡಿ ಅಲುಗಾಡದೆ ನಿಂತಿರುವುದನ್ನು ನೀವು ನೋಡಿದ್ದೀರಿ. ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಭೂಮಿಯ ಜೊತೆಗೇ ತಿರುಗುವುದರಿಂದ ಅದು ನಮಗೆ ಸ್ಥಿರವಾಗಿ ತೋರುತ್ತದೆ. ಅಂಥ ಉಪಗ್ರಹವನ್ನೇ ನೌಕೆಗೂ ನೆಲಕ್ಕೂ ನಡುವಣ ಕೊಂಡಿಯಾಗಿ ಬಳಸುವುದೇ ಈ ತೊಡಕಿಗೆ ಪರಿಹಾರ. ಆ ಎತ್ತರದಿಂದ ಕೆಳಕಕ್ಷೆಯ ನೌಕೆಯನ್ನು ಅದರ ಸುತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಕಾಣಬಹುದು. ನೌಕೆಯಿಂದ ಪಡೆದ ದತ್ತಾಂಶವನ್ನು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ನೆಲಕ್ಕೆ ದಾಟಿಸಬಹುದು. ಕಠಿಣವಾದದ್ದು ಗುರಿ ಹಿಡಿಯುವ ಕೆಲಸ. ಸೆಕೆಂಡಿಗೆ ಏಳು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುವ ನೌಕೆಯತ್ತ ತನ್ನ ಆಂಟೆನಾವನ್ನು ತಿರುಗಿಸುತ್ತಲೇ ಇರುವುದು ಈ ಉಪಗ್ರಹದ ನಿತ್ಯದ ದುಡಿಮೆ.

ಹೀಗೆ ದತ್ತಾಂಶ ರವಾನಿಸಲೆಂದೇ ರೂಪಿಸಿದ ನಾಸಾದ ಟಿಡಿಆರ್‌ಎಸ್-1 ಉಪಗ್ರಹವನ್ನು 1983ರ ಏಪ್ರಿಲ್‌ನಲ್ಲಿ ಚಾಲೆಂಜರ್ ನೌಕೆ ಹೊತ್ತೊಯ್ದಿತು. ಅದನ್ನು ಮೇಲಕ್ಕೇರಿಸಬೇಕಿದ್ದ ರಾಕೆಟ್ ಹಂತ ಕೈಕೊಟ್ಟಾಗ, ದಿಕ್ಕು ತಿದ್ದಲೆಂದು ಇಟ್ಟಿದ್ದ ಪುಟ್ಟ ಎಂಜಿನ್‌ಗಳನ್ನೇ ವಾರಗಟ್ಟಲೆ ಉರಿಸಿ ಎಂಜಿನಿಯರುಗಳು ಅದನ್ನು ನಿಗದಿತ ಕಕ್ಷೆಗೆ ತಲುಪಿಸಿದರು. ವರ್ಷಗಳು ಕಳೆದಂತೆ ಸೂರ್ಯಚಂದ್ರರ ಸೆಳೆತದಿಂದ ಅದರ ಕಕ್ಷೆ ವಾಲತೊಡಗಿತು; ಆ ವಾಲುವಿಕೆಯಿಂದಾಗಿಯೇ, ಸ್ಥಿರ ಉಪಗ್ರಹಗಳಿಗೆ ಎಟುಕದ ದಕ್ಷಿಣ ಧ್ರುವವು ದಿನದ ಕೆಲವು ಗಂಟೆ ಅದಕ್ಕೆ ಕಾಣುವಂತಾಗಿ, ಅಲ್ಲಿನ ಸಂಶೋಧನಾ ಕೇಂದ್ರಕ್ಕೆ ಅದು ಸಂಪರ್ಕ ಒದಗಿಸಿತು. ಈ ಕ್ಷೇತ್ರದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯವಿದು.

ಯುರೋಪಿನ ಇಡಿಆರ್‌ಎಸ್ ಎಂಬ ಇಂಥದೇ ರವಾನಾ ವ್ಯವಸ್ಥೆಯು ಲೇಸರ್ ಕಿರಣದ ಮೂಲಕ ಸೆಕೆಂಡಿಗೆ 1.8 ಗಿಗಾಬಿಟ್‌ವರೆಗೆ ದತ್ತಾಂಶ ಸಾಗಿಸುತ್ತದೆ. ಇನ್ನು ಚಂದ್ರನ ಆಚೆಬದಿಗಂತೂ ಭೂಮಿ ಕಾಣುವುದೇ ಇಲ್ಲ. 2019ರ ಜನವರಿಯಲ್ಲಿ ಅಲ್ಲಿಳಿದ ಚೀನಾದ ಚಾಂಗ್‌ಎ-4 ನೌಕೆ ಭೂಮಿಯೊಡನೆ ಮಾತನಾಡಿದ್ದು, ಅದಕ್ಕೂ ಮುನ್ನ 2018ರಲ್ಲೇ ಕಳುಹಿಸಿದ್ದ ಕ್ವೆಚಿಯಾವ್ ಉಪಗ್ರಹದ ಮೂಲಕ.

ಭೂವೀಕ್ಷಣೆಯ ಉಪಗ್ರಹ ತಾನು ತೆಗೆದ ಚಿತ್ರಗಳನ್ನು ಕೂಡಿಟ್ಟುಕೊಂಡು ಮುಂದಿನ ಕೇಂದ್ರ ಬರುವವರೆಗೆ ಕಾಯಬಲ್ಲದು. ಗಗನಯಾನಿಗಳಿರುವ ನೌಕೆಯಲ್ಲಿ ಗಾಳಿಯ ಒತ್ತಡವೇ ಕುಸಿದರೆ ಹಾಗೆ ಕಾಯಲಾಗದು. ಆದ್ದರಿಂದಲೇ ಇಸ್ರೋ ಗಗನಯಾನವನ್ನು ಗಮನದಲ್ಲಿಟ್ಟುಕೊಂಡು ದತ್ತಾಂಶ ರವಾನೆಗೆಂದು ಎರಡು ಉಪಗ್ರಹಗಳ ಐಡಿಆರ್‌ಎಸ್‌ಎಸ್ ಯೋಜನೆಯನ್ನು ರೂಪಿಸಿದೆ. ನಮ್ಮವರು ದೀರ್ಘಕಾಲ ಬಾಹ್ಯಾಕಾಶದಲ್ಲಿ ನೆಲೆಸುವ ಮುನ್ನ ಈ ಎರಡೂ ಉಪಗ್ರಹಗಳು ಕಕ್ಷೆಯಲ್ಲಿದ್ದು, ಮಾನವರಹಿತ ಹಾರಾಟಗಳಲ್ಲಿ ಪರೀಕ್ಷೆಗೊಳಗಾಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.