ಮೊದಲು ಚುಕ್ಕಿ ಸರಿ ಇಡಿ

ಕೇಳುಗರಿಗೆಲ್ಲ ನಮಸ್ಕಾರ. ಕಂಪ್ಯೂಟರಿನಲ್ಲಿ ಪ್ರೊಟೀನ್ ಮಾದರಿ ಕಟ್ಟುವ ಬಗ್ಗೆ ಐದು ನಿಮಿಷ ಮಾತಾಡಿ ಅಂತ ಕರೆದಿದ್ದಾರೆ. ಎಂಎಸ್ಸಿ ಓದುತ್ತಿರುವ ಮಕ್ಕಳು, ಪಕ್ಕದಲ್ಲೇ ಕೂತ ಅವರ ಅಮ್ಮಂದಿರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಹೇಳಬೇಕಾದ್ದು ಒಂದೇ. ಚುಕ್ಕಿ ಸರಿ ಇಡಿ.

ಯಾವ ಚುಕ್ಕಿ ಅಂತೀರಾ? ಪ್ರೊಟೀನ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅದು ಸುಮ್ನೆ ಉದ್ದಕ್ಕೆ ಬಿದ್ದಿರುವುದಿಲ್ಲ, ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರದಿಂದಲೇ ಅದರ ಕೆಲಸ. ಸರದಲ್ಲಿ ಯಾವ ಮಣಿಯ ಪಕ್ಕ ಯಾವ ಮಣಿ ಇದೆ ಅನ್ನೋದು ಈಗ ಸುಲಭವಾಗಿ ಸಿಗುತ್ತದೆ. ಆಕಾರ ಬೇಕಾದರೆ ಹರಳು ಬೆಳೆಸಿ ಎಕ್ಸ್‌ರೇ ಹಾಯಿಸಬೇಕು, ಕೆಲವು ಸಲ ವರ್ಷಗಳೇ ಹಿಡಿಯುತ್ತವೆ. ಅದಕ್ಕೇ ಒಂದು ಉಪಾಯ. ನಮ್ಮ ಪ್ರೊಟೀನಿಗೆ ಹತ್ತಿರದ ನೆಂಟ ಇದ್ದು, ಆ ನೆಂಟನ ಆಕಾರ ಮೊದಲೇ ಗೊತ್ತಿದ್ದರೆ, ಅದನ್ನೇ ಅಚ್ಚಾಗಿ ಇಟ್ಟುಕೊಂಡು ನಮ್ಮದನ್ನು ಕಟ್ಟುವುದು. ಇದು ಹೋಮಾಲಜಿ ಮಾಡೆಲಿಂಗ್. ಅಚ್ಚಿಗೆ ಟೆಂಪ್ಲೇಟ್ ಅಂತಾರೆ. ಎರಡೂ ಸರಗಳನ್ನು ಒಂದರ ಕೆಳಗೊಂದು ಇಟ್ಟು, ಈ ಮಣಿಗೆ ಆ ಮಣಿ ಅಂತ ಹೊಂದಿಸುವುದು ಅಲೈನ್‌ಮೆಂಟ್. ಅದೇ ನಾನು ಹೇಳುತ್ತಿರುವ ಚುಕ್ಕಿ. ರಂಗೋಲಿ ಹಾಕುವವರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದು ಚುಕ್ಕಿ ತಪ್ಪಿದರೆ ಗೆರೆ ಎಷ್ಟು ನಯವಾಗಿ ಎಳೆದರೂ ಎಳೆ ಸೇರುವುದಿಲ್ಲ, ಅಲ್ವಾ?

ಇದಕ್ಕೊಂದು ಕಥೆ ಇದೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ.

1965ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಡ್ ಫಿಲಿಪ್ಸ್ ತಂಡ ಕೋಳಿಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೋಜೈಮ್‌ನ ಆಕಾರ ಕಂಡುಹಿಡಿಯಿತು. ಒಂದು ಕಿಣ್ವದ ಆಕಾರ ಹೀಗೆ ಎಕ್ಸ್‌ರೇಯಿಂದ ಸಿಕ್ಕಿದ್ದು ಅದೇ ಮೊದಲು. ಬ್ಯಾಕ್ಟೀರಿಯಾದ ಗೋಡೆ ಒಡೆಯುವುದು ಅದರ ಕೆಲಸ, ನಮ್ಮ ಕಣ್ಣೀರಿನಲ್ಲೂ ಅಂಥದ್ದೇ ಇದೆ. ಎರಡು ವರ್ಷ ಬಿಟ್ಟು ಅಮೆರಿಕದಲ್ಲಿ ಬ್ರೂ, ವ್ಯಾನಮನ್, ಹಿಲ್ ಅನ್ನೋ ಮೂವರು ಹಸುವಿನ ಹಾಲಿನ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಸರವನ್ನು ನೋಡುತ್ತಾ ಹೋದರೆ, ಅದು ಮೊಟ್ಟೆಯ ಲೈಸೋಜೈಮಿನ ನೆಂಟ! ಇದರ ಕೆಲಸವೇ ಬೇರೆ, ಕೆಚ್ಚಲಿನಲ್ಲಿ ಹಾಲಿನ ಸಕ್ಕರೆ ತಯಾರಾಗಲು ನೆರವಾಗುವುದು. ಮೊಟ್ಟೆ ಎಲ್ಲಿ, ಹಾಲು ಎಲ್ಲಿ? ಆದರೂ ನೂರಕ್ಕೆ 40ರ ಹತ್ತಿರ ಮಣಿಗಳು ಒಂದೇ.

1969ರಲ್ಲಿ ಎರಡೂ ತಂಡಗಳು ಸೇರಿದವು. ಮಾದರಿ ಕಟ್ಟುವ ಸಾಫ್ಟ್‌ವೇರ್ ಆಗ ಎಲ್ಲಿತ್ತು? ಮೊಟ್ಟೆಯದ್ದು 129 ಮಣಿಯ ಸರ, ಹಾಲಿನದ್ದು 123. ಎರಡರಲ್ಲೂ ಎಂಟೆಂಟು ಸಿಸ್ಟೀನ್ ಮಣಿ, ಎರಡೆರಡು ಸೇರಿ ನಾಲ್ಕು ಗಂಟು. ಆ ಎಂಟೂ ಎದುರುಬದುರು ಬರುವ ಹಾಗೆ ಸಾಲು ಹೊಂದಿಸಿ, ಮಣಿ ಕಡಿಮೆ ಇದ್ದ ಕಡೆ ಜಾಗ ಬಿಟ್ಟು, ಲೈಸೋಜೈಮಿನ ಆಕಾರದ ಮೇಲೆ ಹಾಲಿನ ಮಣಿಗಳನ್ನು ಒಂದೊಂದಾಗಿ ಕೈಯಿಂದಲೇ ಕೂರಿಸಿದರು. ಹಾಲಿನ ಪ್ರೊಟೀನಿನ ನಿಜವಾದ ಆಕಾರ ಹರಳಿನಿಂದ ಹೊರಬಂದಿದ್ದು 1986ರಲ್ಲಿ, ಬಬೂನ್ ಕೋತಿಯ ಹಾಲಿನದು. ಹದಿನೇಳು ವರ್ಷ ಮೊದಲು ಕಟ್ಟಿದ ಮಾದರಿಯ ಒಟ್ಟು ಆಕಾರ ಸರಿಯಾಗಿತ್ತು! ಇದನ್ನು ಹೇಳುವಾಗ ಇವತ್ತಿಗೂ ನನಗೆ ಮೈ ಜುಮ್ ಅನ್ನುತ್ತದೆ. ಯಾಕೆ ಸರಿಬಂತು? ಚುಕ್ಕಿ ಸರಿ ಇತ್ತು. ಆದರೆ ಆ ಹರಳಿನಲ್ಲಿ ಕ್ಯಾಲ್ಸಿಯಂ ಹಿಡಿದುಕೊಂಡ ಒಂದು ಲೂಪ್, ಅಂದರೆ ಸರ ಬಳುಕಿ ತಿರುಗುವ ಜಾಗ, ಕೂಡ ಕಂಡಿತು. ಕೋಳಿಮೊಟ್ಟೆಯ ಲೈಸೋಜೈಮಿನಲ್ಲಿ ಅದಿಲ್ಲ. ಅಚ್ಚಿನಲ್ಲಿ ಇಲ್ಲದ್ದನ್ನು ಮಾದರಿ ಎಲ್ಲಿಂದ ತಂದೀತು?

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಈಗ ಮಾದರಿ ಕಟ್ಟುವ ಸಾಫ್ಟ್‌ವೇರ್‌ಗಳಿವೆ: ಮಾಡೆಲರ್ ಇದೆ, ಸ್ವಿಸ್-ಮಾಡೆಲ್ ಇದೆ. ಓದುವ ಮಕ್ಕಳಿಗೆ ಎರಡೂ ಉಚಿತ. ಒಂದೇ ಮಾದರಿ ಕಟ್ಟಿ ನಿಲ್ಲಿಸಬೇಡಿ, ಇಪ್ಪತ್ತು ಕಟ್ಟಿ. ಮಾಡೆಲರ್ ಪ್ರತಿ ಮಾದರಿಗೂ ಡೋಪ್ ಅನ್ನೋ ಗುಣಮಟ್ಟದ ಅಂಕ ಕೊಡುತ್ತದೆ, ಅದು ಅತಿ ಕಡಿಮೆ ಇರುವುದನ್ನು ಆರಿಸಿ. ಆಮೇಲೆ ರಾಮಚಂದ್ರನ್ ನಕ್ಷೆಯಲ್ಲಿ ನೋಡಿ, ಸರ ಒಂದೊಂದು ಮಣಿಯ ಹತ್ತಿರ ತಿರುಗುವ ಕೋನಗಳು ಬರಬಾರದ ಜಾಗದಲ್ಲಿ ಬಂದಿವೆಯಾ ಅಂತ. 1963ರಲ್ಲಿ ಮದ್ರಾಸಿನಲ್ಲಿ ಆ ನಕ್ಷೆ ಕೊಟ್ಟ ಜಿ.ಎನ್. ರಾಮಚಂದ್ರನ್ ಅವರೇ ಮುಂದೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಲೂಪ್‌ಗಳನ್ನು ಬೇರೆಯಾಗಿ ತಿದ್ದಿ. ಕೊನೆಗೆ ಸ್ವಲ್ಪವೇ ಎನರ್ಜಿ ಮಿನಿಮೈಸೇಷನ್, ಅಂದರೆ ಮಾದರಿಯನ್ನು ಅಲ್ಲಲ್ಲಿ ಸಡಿಲಿಸಿ ಕೂರಿಸುವುದು, ಜಾಸ್ತಿ ಬೇಡ.

ಮಕ್ಕಳು ಎಡವುವುದು ಇಲ್ಲೇ: ಚುಕ್ಕಿ ನೋಡದೆ ಗೆರೆ ತಿದ್ದುತ್ತಾರೆ. ಒಬ್ಬ ಹುಡುಗಿ ಒಂದು ತಿಂಗಳು ಒಂದು ಲೂಪನ್ನೇ ತಿದ್ದುತ್ತಾ ಕೂತಿದ್ದಳು, ಪಾಪ. ಅಲೈನ್‌ಮೆಂಟ್ ತೆಗೆಸಿ ನೋಡಿದರೆ ಹೆಲಿಕ್ಸಿನ, ಅಂದರೆ ಸರ ಸುರುಳಿ ಸುತ್ತಿದ ಭಾಗದ, ನಟ್ಟನಡುವೆ ಖಾಲಿ ಜಾಗ! ಅಲ್ಲಿಂದ ಮುಂದೆ ಎಲ್ಲ ಒಂದೊಂದು ಮಣಿ ಜಾರಿತ್ತು. ಜಾಗವನ್ನು ಪಕ್ಕದ ಲೂಪಿಗೆ ಸರಿಸಿದೆವು, ಸಂಜೆಯೊಳಗೆ ಮಾದರಿ ಸರಿಹೋಯಿತು. ಮಿನಿಮೈಸೇಷನ್ ಪರಮಾಣುಗಳ ತಿಕ್ಕಾಟ ಬಿಡಿಸುತ್ತದೆ, ಜಾರಿದ ಮಣಿಯನ್ನು ಹಿಂದಕ್ಕೆ ತರುವುದಿಲ್ಲ.

ಸರ ಕೊಟ್ಟರೆ ಆಕಾರ ಊಹಿಸುವ ಎಐ ಪ್ರೋಗ್ರಾಂ ಆಲ್ಫಾಫೋಲ್ಡ್ ಬಂದ ಮೇಲೆ ಇದೆಲ್ಲ ಯಾಕೆ ಸಾರ್ ಅಂತ ಎಲ್ಲರೂ ಕೇಳುತ್ತಾರೆ. 2020ರಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ಆ ಆಲ್ಫಾಫೋಲ್ಡ್ ಕೂಡ ಮೊದಲು ನೆಂಟರನ್ನೆಲ್ಲ ಹುಡುಕಿ ಸಾಲು ಹೊಂದಿಸಿಕೊಳ್ಳುತ್ತದೆ ಕಣ್ರೀ! ಅದೂ ಚುಕ್ಕಿ ಇಟ್ಟೇ ಶುರು ಮಾಡುವುದು.

ಇವತ್ತು ರಾತ್ರಿಯೇ ಆ 1969ರ ಕೆಲಸ ನೀವೇ ಮಾಡಿ ನೋಡಿ. ಮೊಟ್ಟೆಯ ಲೈಸೋಜೈಮ್ ಅಚ್ಚು, ಹಸುವಿನ ಲ್ಯಾಕ್ಟಾಲ್ಬುಮಿನ್ ಸರ. ಎಂಟು ಸಿಸ್ಟೀನ್ ಎದುರುಬದುರು ಬಂದಿದೆಯಾ, ಬೆರಳಿಟ್ಟು ಎಣಿಸಿ. ಉತ್ತರ, ಅಂದರೆ ಹಸುವಿನ ಲ್ಯಾಕ್ಟಾಲ್ಬುಮಿನ್‌ನ ನಿಜವಾದ ಆಕಾರ, ಪ್ರೊಟೀನ್ ಆಕಾರಗಳನ್ನು ಕೂಡಿಟ್ಟ ಪ್ರೊಟೀನ್ ಡೇಟಾ ಬ್ಯಾಂಕಿನಲ್ಲಿದೆ. ಅದರ ಗುರುತಿನ ಸಂಕೇತ ಬರೆದುಕೊಳ್ಳಿ: 1, ಎಫ್, 6, ಎಸ್. ಮಾದರಿ ಮುಗಿಯುವವರೆಗೆ ಮಾತ್ರ ಅದನ್ನು ತೆರೆಯಬೇಡಿ. ನಮಸ್ಕಾರ.