ಪಡಸಾಲಿ ತುಂಬಿದರೆ ಅಟ್ಟ ನೋಡ್ರಿ

ಕೇಳುಗರೆಲ್ಲರಿಗೂ ನಮಸ್ಕಾರ. ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲೋ, ಗದಗಿನ ಪ್ರೆಸ್ಸಿನಲ್ಲೋ ಹಳೇ ಡಾಸ್ ಕಂಪ್ಯೂಟರ್ ಜ್ವಾಪಾನ ಮಾಡಿಕೊಂಡು ಬಂದವರಿಗಾಗಿಯೇ ಈ ಮಾತು. ನೆಟ್‌ವರ್ಕ್ ಡ್ರೈವರ್, ಅಂದರೆ ಕಂಪ್ಯೂಟರನ್ನು ಬೇರೆ ಕಂಪ್ಯೂಟರುಗಳ ಜೋಡಿ ಮಾತಾಡಿಸುವ ಪ್ರೋಗ್ರಾಮ್, ಹಾಕಿದ ಕೂಡಲೇ ಮೆಮೊರಿ ಸಾಲದು ಅಂತ ಬಂದರೆ ಹೊಸ ರ‍್ಯಾಮ್ ತರಬೇಡ್ರಿ. ಡ್ರೈವರನ್ನು ಅಟ್ಟಕ್ಕೆ ಹತ್ತಿಸ್ರಿ.

ಡಾಸ್‌ನ ಮನೆ 1024 ಕೆಬಿ. ಕೆಳಗಿನ 640 ಪಡಸಾಲಿ. ನಿಮ್ಮ ಲೆಕ್ಕದ ಪ್ರೋಗ್ರಾಮ್ ಕೂಡುವುದು ಅಲ್ಲೇ. ಮೇಲಿನ 384 ಅಟ್ಟ. ಅಲ್ಲಿ ಪರದೆಗೆ, ಯಂತ್ರ ಎಬ್ಬಿಸುವ ಬಯಾಸ್‌ಗೆ ಜಾಗ ಹೋದರೂ ನಡುನಡುವೆ ಸಂದು ಉಳಿದಿರುತ್ತವೆ. 1991ರ ಡಾಸ್ 5ರಿಂದ ಆ ಸಂದುಗಳು ನಮ್ಮ ಕೈಗೆ ಬಂದವು. ಯಂತ್ರದ ಪ್ರೊಸೆಸರ್ 386 ಇಲ್ಲವೇ ಅದರ ಮೇಲಿನದು ಇರಬೇಕು, ಶುರುವಿಗೆ ಓದುವ ಕಾನ್ಫಿಗ್ ಫೈಲಿನಲ್ಲಿ ಮೆಮೊರಿ ನೋಡಿಕೊಳ್ಳುವ ಹೈಮೆಮ್, ಇಎಂಎಂ386 ಇರಬೇಕು, ಡಾಸ್ ಈಕ್ವಲ್ ಟು ಹೈ ಕಾಮಾ ಯುಎಂಬಿ ಅಂತ ಸಾಲು ಇರಬೇಕು. ಯುಎಂಬಿ ಅಂದರೆ ಅಟ್ಟದ ಆ ಸಂದುಗಳೇ.

1994ರಲ್ಲಿ ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಹೋಗಿದ್ದೆ. ಮೆಣಸಿನಕಾಯಿ ಸುಗ್ಗಿ, ಹೊರಗೆ ಚೀಲದ ರಾಶಿ, ಒಳಗೆ ಬಿಲ್ಲೇ ಹೊರಡದು. ಸಾಹುಕಾರರು ಹುಬ್ಬಳ್ಳಿಯಿಂದ 4 ಎಂಬಿ ರ‍್ಯಾಮ್ ತರಿಸಿ ಹಾಕಿಸಿದ್ದರು. 'ರೊಕ್ಕಾ ಹೋತು, ಕೆಲಸಾ ಆಗ್ಲಿಲ್ಲ' ಅಂದರು. ಯಾವುದು ಎಷ್ಟು ಮೆಮೊರಿ ಹಿಡಿದಿದೆ ಅಂತ ತೋರಿಸುವ ಮೆಮ್ ಸ್ಲ್ಯಾಶ್ ಸಿ ಹೊಡೆದು ನೋಡಿದೆ. ನೆಟ್‌ವರ್ಕಿನ ನೆಟ್‌ಎಕ್ಸ್ ಒಂದೇ 40 ಕೆಬಿಗೂ ಮಿಕ್ಕಿ ಪಡಸಾಲಿಯಲ್ಲಿ ಕಾಲು ಚಾಚಿತ್ತು! ಅದರ ಸಾಲಿನ ಮುಂದೆ ಅಟ್ಟಕ್ಕೆ ಹತ್ತಿಸು ಅನ್ನುವ ಲೋಡ್‌ಹೈ ಇತ್ತು. ಆದರೂ ಕೆಳಗೇ. ಯಾಕೆ? ಮೌಸ್ ಡ್ರೈವರ್, ಮುದ್ರಣದ ಪ್ರಿಂಟ್ ಪ್ರೋಗ್ರಾಮ್ ಮೊದಲೇ ಹತ್ತಿ ದೊಡ್ಡ ಸಂದು ಹಿಡಿದಿದ್ದವು. ಮೇಲೆ ಜಾಗ ಸಾಲದಿದ್ದರೆ ಲೋಡ್‌ಹೈ ಸುಮ್ಮನೆ ಕೆಳಗೆ ಇಳಿಸಿಬಿಡುತ್ತದೆ, ಒಂದು ಮಾತು ಹೇಳುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದೇ ನನಗೆ ಬೇಸರ. ನೆಟ್‌ವರ್ಕಿನ ನಾಲ್ಕು ಪ್ರೋಗ್ರಾಮುಗಳನ್ನು ಮೊದಲಿಗೆ ತಂದೆ: ಎಲ್‌ಎಸ್‌ಎಲ್, ಕಾರ್ಡಿನ ಡ್ರೈವರ್, ಐಪಿಎಕ್ಸ್ಒಡಿಐ, ನೆಟ್‌ಎಕ್ಸ್. ಇವುಗಳ ಸರದಿ ಮಾತ್ರ ಬದಲಿಸುವಂತಿಲ್ಲ. ಮೌಸ್ ಹಿಂದೆ ಹೋಯಿತು. ಹದಿನೈದು ನಿಮಿಷದಲ್ಲಿ ಬಿಲ್ಲು ಹೊರಬಂತು. ರ‍್ಯಾಮ್ ಅಲ್ರೀ, ಅಟ್ಟ!

ವೇಳೆ ಆಗುತ್ತ ಬಂತು. ಕೆಲವು ಕಾರ್ಡುಗಳು ಅಟ್ಟದಲ್ಲಿ ತಮ್ಮದೇ ಜಾಗ ಬೇಡುತ್ತವೆ; ಇಎಂಎಂ386 ಸಾಲಿನಲ್ಲಿ ಎಕ್ಸ್ ಈಕ್ವಲ್ ಟು ಬರೆದು ಆ ವಿಳಾಸ ಬಿಟ್ಟುಕೊಡ್ರಿ, ಇಲ್ಲದಿದ್ದರೆ ಯಂತ್ರ ನಿಂತೇಬಿಡಬಹುದು. ಫೈಲು ತಿದ್ದುವ ಮೊದಲು ಯಂತ್ರ ಶುರು ಮಾಡಬಲ್ಲ ಬೂಟ್ ಫ್ಲಾಪಿ ಮಾಡಿಟ್ಟುಕೊಳ್ಳಿ. ಡಾಸ್ 6.2 ಇದ್ದವರು ಶುರುವಾಗುವಾಗ ಎಫ್8 ಒತ್ತಿದರೆ ಒಂದೊಂದೇ ಸಾಲು ಕೇಳಿ ಕೇಳಿ ಹತ್ತಿಸುತ್ತದೆ. ಯಾವುದು ಎಡವಿತು ಅನ್ನುವುದು ಅಲ್ಲೇ ಕಾಣುತ್ತದೆ. ನಮಸ್ಕಾರ.